ಪಟದ ಮುನಿಸು

ಬೆಂಗಳೂರಿನ ಗೋವಿಂದರಾಜನಗರದ ಬಾಡಿಗೆ ಮನೆಯೊಂದರಲ್ಲಿ ಶಿವಬಸಪ್ಪನವರ ಸಂಸಾರವಿತ್ತು. ಗದಗದ ಕಡೆಯವರು, ಸರ್ಕಾರಿ ಕಚೇರಿಯಲ್ಲಿ ನೌಕರಿ. ಹಜಾರದ ಗೋಡೆಯ ಮೇಲೆ ಅವರ ಮೊದಲ ಹೆಂಡತಿ ಜಯದೇವಿಯ ಬಣ್ಣದ ಚಿತ್ರ. ಆರು ವರ್ಷದ ಹಿಂದೆ ಆಕೆ ಎರಡನೆಯ ಬಸುರಿನಲ್ಲಿ ತೀರಿಕೊಂಡಾಗ ವಿಜಯನಗರದ ಕಲಾವಿದ ಅಂಜಿನಯ್ಯನವರಿಂದ ಬರೆಸಿದ್ದು.

ಎರಡನೆಯ ಹೆಂಡತಿಯಾಗಿ ಹೇಮಶ್ರೀ ಬಂದ ದಿನವೇ ಅತ್ತೆ ದಾನಮ್ಮ ಕಟ್ಟಳೆ ಹಾಕಿದರು. ಹೊಸ ಸೀರೆಯಿರಲಿ, ಹೂವಿರಲಿ, ಮೊದಲು ಸವತಿಯ ಪಟದ ಮುಂದಿಟ್ಟು ಆಮೇಲೆ ಇವಳು ಮುಟ್ಟಬೇಕು. ಇಲ್ಲದಿದ್ದರೆ ಸತ್ತವಳು ಕಾಡುತ್ತಾಳೆ. ಹಾಲು ಒಡೆದರೂ ದಾನಮ್ಮ ಪಟದ ಮುಖ ನೋಡುವರು. ಇವತ್ತು ಮುನಿಸಿಕೊಂಡಿದ್ದಾಳೆ, ಇವತ್ತು ಸಮಾಧಾನವಾಗಿದ್ದಾಳೆ ಎಂದು ಅರ್ಥ ಹೇಳುವರು. ಓದು ಬರಹ ಬಲ್ಲ ಮನೆ. ಆದರೂ ಯಾರೂ ಎದುರಾಡಲಿಲ್ಲ.

ಬಸುರಿ ಹೇಮಶ್ರೀಗೆ ಏಳು ತಿಂಗಳಾದಾಗ ಕಾಲು, ಮುಖ ಊದಿಕೊಂಡವು. ತಲೆನೋವು ಬಿಡಲಿಲ್ಲ. ದಾನಮ್ಮ ಪಟ ನೋಡಿದರು.

"ಕಣ್ಣು ಕೆಂಪಗ ಮಾಡ್ಯಾಳ. ಮೂರು ಸೋಮವಾರ ಉಪಾಸ ಹಿಡಿ. ಅಕಿ ಸಿಟ್ಟು ಇಳೀಲಿ, ಆಮ್ಯಾಲೆ ದವಾಖಾನಿ."

ಶಿವಬಸಪ್ಪ ಅವ್ವನ ಮಾತು ಮೀರಲಿಲ್ಲ. ಎರಡು ಸೋಮವಾರ ಕಳೆದವು.

ಜಯದೇವಿಯ ಮಗಳು ರಕ್ಷಾ ಜ್ಞಾನಭಾರತಿಯ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಳು. ಅವಳು ಎಷ್ಟು ವಾದಿಸಿದರೂ ಅಜ್ಜಿ ಕಿವಿಗೊಡಲಿಲ್ಲ. ಚಿತ್ರ ಬರೆದವರ ಮಾತನ್ನಾದರೂ ಕೇಳಿಯಾರೆಂದು ಭಾನುವಾರ ಅಂಜಿನಯ್ಯನವರನ್ನು ಮನೆಗೆ ಕರೆತಂದಳು. ಅವರು ಪಟವನ್ನು ಹತ್ತಿರದಿಂದ ನೋಡಿ, ದೀಪದ ಹೊಗೆ ಕೂತು ಬಣ್ಣ ಕೆಟ್ಟಿದೆ, ಅಷ್ಟೆ ಎಂದರು. ಆಮೇಲೆ ಹೇಮಶ್ರೀಯ ಮುಖ ನೋಡಿ, ಮತ್ತೆ ಪಟದ ಕಡೆ ತಿರುಗಿದರು.

"ನೀವು ಕೊಟ್ಟಿದ್ದು ಅವರ ಕೊನೇ ವಾರದ ಫೋಟೋ ಸಾರ್," ಎಂದು ಶಿವಬಸಪ್ಪನವರಿಗೆ ಹೇಳಿದರು. "ಕೆನ್ನೆ, ರೆಪ್ಪೆ ಎಲ್ಲ ಊದಿತ್ತು. ಕಮ್ಮಿ ಮಾಡ್ಲಾ ಅಂತ ಕೇಳ್ದೆ. ಇದ್ದಂಗೇ ಇರ್ಲಿ ಅಂದ್ರಿ. ಅದು ಸಿಟ್ಟಲ್ಲ, ಕಾಯಿಲೆ. ಈಯಮ್ಮನ ಮುಖಾನೂ ಹಂಗೇ ಇದೆ."

ರಕ್ಷಾ ಅಪ್ಪನ ಒಪ್ಪಿಗೆಗೆ ಕಾಯಲಿಲ್ಲ. ಆಟೋ ಕರೆದು ಹೇಮಶ್ರೀಯನ್ನು ಕೂರಿಸಿಕೊಂಡು ಆಸ್ಪತ್ರೆಗೆ ಹೊರಟಳು.

ಬಿ.ಪಿ. ವಿಪರೀತ ಏರಿತ್ತು. ವೈದ್ಯರು ಆ ದಿನವೇ ಆಪರೇಷನ್ ಮಾಡಿ ಮಗುವನ್ನು ತೆಗೆದರು. ಹೇಮಶ್ರೀ ಉಳಿದಳು. ಹೆಣ್ಣುಮಗು ಮೂರು ದಿನವಿದ್ದು ಹೋಯಿತು. ಎರಡು ವಾರ ಮೊದಲೇ ಬಂದಿದ್ದರೆ ಮಾತ್ರೆ ಕೊಟ್ಟು, ಮಗು ಬಲಿಯಲು ಇನ್ನಷ್ಟು ದಿನ ಕಾಯಬಹುದಿತ್ತು ಎಂದು ವೈದ್ಯರು ಹೇಳಿದ್ದನ್ನು ಶಿವಬಸಪ್ಪ ತಲೆ ತಗ್ಗಿಸಿ ಕೇಳಿದರು.

ತಿಂಗಳು ಕಳೆದ ಮೇಲೆ ತವರಿನಿಂದ ಹೇಮಶ್ರೀಗೆ ಒಂದು ಸೀರೆ ಬಂತು. ದಾನಮ್ಮ ಅದನ್ನು ಪಟದ ಮುಂದಿಡಲು ಹೋದರು. ಹೇಮಶ್ರೀ ಅವರ ಕೈಯಿಂದ ತೆಗೆದುಕೊಂಡಳು.

"ಇಡಲ್ಲ ಅತ್ತೆ. ಅಕ್ಕ ನನಗೇನೂ ಮಾಡಿಲ್ಲ. ಅವರಿಗೂ ಇದೇ ಕಾಯಿಲೆ ಇತ್ತು. ಅವರನ್ನೂ ಯಾರೂ ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಕರ್ಕೊಂಡು ಹೋಗ್ಲಿಲ್ಲ."

ದಾನಮ್ಮ ಗೋಡೆಗೆ ಒರಗಿ ಕೂತರು.

"ತಲಿನೋವು ಅಂತ ಅಕಿ ಅಂದಾಗ, ಕಷಾಯ ಕುಡಿದು ಮಲ್ಕೋ ಅಂದಾಕಿ ನಾನ. ಅದಕ್ಕ ಪಟದಾಗಿನ ಅಕಿ ಮಾರಿ ನೋಡಿ ಅಂಜತಿದ್ದೆ."

ಹೇಮಶ್ರೀ ಒಳಗೆ ಹೋಗಿ ಆ ಸೀರೆಯನ್ನು ಉಟ್ಟು ಬಂದಳು.