ಏಣಿ ಹತ್ತಿದ ತಾಯ್ ಚಿ

ಏಣಿಯಿಂದ ಬಿದ್ದು ಮುರಿದಿದ್ದ ಕಾಲು ಕೂಡಿಕೊಂಡು ಎಷ್ಟೋ ತಿಂಗಳಾಗಿತ್ತು. ಆದರೂ ಎರಡನೇ ಮೆಟ್ಟಿಲಿಗೆ ಕಾಲಿಟ್ಟರೆ ಸಾಕು, ಅವಳ ಕೈಯಲ್ಲಿನ ಬ್ರಶ್ಶು ಗಡಗಡ ನಡುಗುತ್ತಿತ್ತು. ಗೋಡೆಗಳಿಗೆ ಬಣ್ಣ ಬಳಿಯುವುದೇ ಅವಳ ಕಸುಬು. ಜೊತೆಯವರು ಮೇಲೆ ಬಳಿಯುವಾಗ ಅವಳು ಕೆಳಗೆ ಕಿಟಕಿ ಚೌಕಟ್ಟು ಉಜ್ಜುತ್ತ ಕೂರುತ್ತಿದ್ದಳು.

ನೋಡಿ ನೋಡಿ ಸಾಕಾಗಿ ಚಿಕ್ಕಮ್ಮ ಒಂದು ಬೆಳಿಗ್ಗೆ ಅವಳನ್ನು ಸೈಕಲ್ ಅಂಗಡಿಯ ಮಹಡಿಗೆ ಎಳೆದುಕೊಂಡು ಹೋದಳು. ಅಲ್ಲಿ ನಿವೃತ್ತ ನರ್ಸೊಬ್ಬರು ತಾಯ್ ಚಿ ಕಲಿಸುತ್ತಿದ್ದರು.

"ಇದು ಚೀನಾದ ಹಳೇ ಕಾಳಗದ ವಿದ್ಯೆ. ಆದ್ರೆ ತೋಳಿನ ಬಲ ನಂಬೋದಲ್ಲ. ಮೈ ಸಡಿಲ ಬಿಟ್ಟು, ಮೇಲೆ ಬಿದ್ದ ಬಲಕ್ಕೆ ದಾರಿ ಮಾಡಿಕೊಡೋದು," ಎಂದರು ನರ್ಸಮ್ಮ.

"ಇಷ್ಟು ನಿಧಾನಕ್ಕೆ ಕೈ ಎತ್ತಿದ್ರೆ, ಹೊಡೆಯೋಕೆ ಬಂದವನು ಒಂದು ನಿದ್ದೆ ಮುಗಿಸಿರ್ತಾನೆ," ಎಂದು ಅವಳು ಗೊಣಗಿದಳು.

"ಹಾಗಾದ್ರೆ ನೀನೇ ತಳ್ಳು ನನ್ನ."

ಅವಳು ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ತಳ್ಳಿದಳು. ನರ್ಸಮ್ಮ ಸೊಂಟವನ್ನು ತುಸು ತಿರುಗಿಸಿದರು, ಅಷ್ಟೇ. ಇವಳು ಮುಗ್ಗರಿಸಿ ಹೋಗಿ ಕಿಟಕಿಯ ಸರಳು ಹಿಡಿದಳು. ಚಿಕ್ಕಮ್ಮ ಬಿದ್ದು ಬಿದ್ದು ನಕ್ಕಳು.

"ಭುಜ ಕಿವಿ ಹತ್ರ ಏರಿಸಿಟ್ಕೊಂಡಿದೀಯ, ಇಳಿಸು. ಒಂದು ಕಾಲಿಗೆ ಪೂರ್ತಿ ಭಾರ ಕೊಟ್ಟ ಮೇಲೇ ಇನ್ನೊಂದನ್ನ ಎತ್ತು," ಎಂದರು ನರ್ಸಮ್ಮ.

ಅಂದಿನಿಂದ ಪಾತ್ರೆ ತೊಳೆಯುವಾಗಲೂ ಅದೇ ಅಭ್ಯಾಸ. ಬಸ್ ಸ್ಟಾಪಿನಲ್ಲಿ ಕಾಲಿಂದ ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದವಳಿಗೆ ಒಬ್ಬಾಕೆ ಮೆಲ್ಲಗೆ, "ಟಾಯ್ಲೆಟ್ ಆ ಕಡೆ ಇದೆಯಮ್ಮಾ," ಎಂದದ್ದೂ ಉಂಟು.

ಆಮೇಲೊಂದು ದಿನ, ಬಣ್ಣ ಬಳಿಯಲು ಹೋಗಿದ್ದ ಶಾಲೆಯ ಹಜಾರದಲ್ಲಿ ಮೇಸ್ತ್ರಿ ಕೇಳಿದ: "ಮೇಲಿನ ಮೂಲೆಗೆ ಯಾರು?"

"ನಾನು."

"ಬೇಡ ತಾಯೀ!"

"ನೀವು ಏಣಿ ಹಿಡ್ಕೊಳ್ಳಿ ಸಾಕು."

ಅರ್ಧ ಹತ್ತುವಷ್ಟರಲ್ಲಿ ಅಂಗೈ ಬೆವರಿ ಭುಜ ಮೇಲೇರಿತು. ಉಸಿರು ಬಿಟ್ಟು ಇಳಿಸಿದಳು. ಭಾರ ಒಂದು ಕಾಲಿಗೆ, ಆಮೇಲೆ ಇನ್ನೊಂದಕ್ಕೆ. ತುದಿ ಮುಟ್ಟಿ ಬ್ರಶ್ಶು ಅದ್ದಿದಳು, ಕೈ ನಡುಗಲಿಲ್ಲ. ಅಷ್ಟರಲ್ಲಿ ಬೆಂಚು ಹೊತ್ತು ಬಂದವರು ಏಣಿಗೆ ಗುದ್ದಿದರು. ಏಣಿ ಓಲಾಡಿತು. ಮೊದಲಾಗಿದ್ದರೆ ಕೊರಡಿನಂತೆ ಸೆಟೆದು ಬೀಳುತ್ತಿದ್ದಳು. ಈಗ ಮಂಡಿ ತಾನಾಗಿ ಸಡಿಲಗೊಂಡಿತು, ಸೊಂಟ ತಿರುಗಿತು, ಮೈಭಾರ ಪಾದಕ್ಕಿಳಿಯಿತು. ಏಣಿ ನೆಟ್ಟಗಾಯಿತು. ಡಬ್ಬದಲ್ಲಿದ್ದ ಬಣ್ಣ ಮಾತ್ರ ಮೇಸ್ತ್ರಿಯ ತಲೆ ಮೇಲೆ ಸುರಿಯಿತು.

"ಇಳಿದ್ಬಿಡು!" ಎಂದು ಆತ ಅರಚಿದ.

ಅವಳು ಹಜಾರವೆಲ್ಲ ಮೊಳಗುವಂತೆ ನಕ್ಕಳು.

"ಇಳಿಯೋದಾ? ಇನ್ನೊಂದು ಡಬ್ಬ ಕಳ್ಸಿ ಮೇಸ್ತ್ರೀ, ಚಾವಣಿನೂ ನಂದೇ!"