ಸೀಮೆ ಮುರಿಯದೆ ಹೋದವರು

ಮಳಲಕೊಪ್ಪದ ಜನಕ್ಕೆ ಬೆಳಗಿನ ಚಹಾ ತಡವಾದರೂ ನಡೆದೀತು, ಬೋರ್ಡು ತಡವಾಗಬಾರದು. ಏಳಕ್ಕೆ ಸರಿಯಾಗಿ ಯಶೋಧಾ ಗ್ರಂಥಾಲಯದ ಬೀಗ ತೆಗೆಯುತ್ತಾಳೆ, ಹೊರಗೋಡೆಯ ಕರಿ ಬೋರ್ಡನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಾಳೆ, ಊರ ಸುದ್ದಿ ಬರೆಯುತ್ತಾಳೆ. ಜಲಾಶಯದ ನೀರು ಎಷ್ಟು ಅಡಿ ಇದೆ, ಆಚೆ ದಡಕ್ಕೆ ದೋಣಿ ಎಷ್ಟು ಹೊತ್ತಿಗೆ, ಕಟ್ಲಾ ಮೀನಿನ ದರವೇನು, ಕರೆಂಟು ಯಾವಾಗ ಹೋಗುತ್ತದೆ, ಯಾರ ಎಮ್ಮೆ ಹಗ್ಗ ಹರಿದುಕೊಂಡು ಹೋಗಿದೆ, ಎಲ್ಲವೂ ದುಂಡನೆಯ ಅಕ್ಷರದಲ್ಲಿ. ಹಿನ್ನೀರಿನ ದಂಡೆಯ ಈ ಇನ್ನೂರೈವತ್ತು ಮನೆಯ ಊರಿಗೆ ಸವದತ್ತಿಯಿಂದ ಪೇಪರು ಬರುವುದು ಹತ್ತು ಗಂಟೆಯ ಬಸ್ಸಿಗೆ. ಬಂದರೂ ಅದರಲ್ಲಿ ಇವರ ಎಮ್ಮೆಯ ಸುದ್ದಿ ಇರುವುದಿಲ್ಲ.

ಬೋರ್ಡಿನ ಬಲ ಮೂಲೆಯಲ್ಲಿ ಒಂದು ಸಾಲು ಮಾತ್ರ ಕೆಂಪು ಅಕ್ಷರದ್ದು: ‘ಕುಡಿಯುವ ನೀರಿನ ಘಟಕ ಇವತ್ತೂ ಬಂದ್.’ ಎರಡು ತಿಂಗಳಿನಿಂದ ಅದೇ ಸಾಲು. ಯಶೋಧಾ ಯಾರನ್ನೂ ಬೈದು ಬರೆದವಳಲ್ಲ, ಯಾರ ಹೆಸರನ್ನೂ ಎತ್ತಿದವಳಲ್ಲ. ಇದ್ದದ್ದನ್ನು ಇದ್ದಂತೆ ಬರೆದರೆ ಕೆಲವರಿಗೆ ಬೈದದ್ದಕ್ಕಿಂತ ಹೆಚ್ಚು ಉರಿಯುತ್ತದೆ, ಅದಕ್ಕೆ ಆಕೆ ಏನು ಮಾಡಬೇಕು ಹೇಳಿ!

ಉರಿದದ್ದು ಪಂಚಾಯಿತಿ ಅಧ್ಯಕ್ಷ ಗುರುನಾಥನಿಗೆ. ಎರಡು ಕಿಲೋಮೀಟರ್ ಆಚೆಯ ಚಿಕ್ಕಂಕಲಿಯವನು. ಪಂಚಾಯಿತಿ ಕಚೇರಿಯೂ ಅತ್ತಕಡೆಯೇ. ಒಂದು ದಿನ ಜೀಪು ನಿಲ್ಲಿಸಿ, ಬೋರ್ಡಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತ.

“ಏನವಾ ಯಶೋಧಾ, ಲೈಬ್ರರಿ ನಡಸಾಕ ಹತ್ತೀಯೋ, ನನ್ನ ಮಾನ ತಗ್ಯಾಕ ಹತ್ತೀಯೋ?”

“ನೀರ ಬಂದ ದಿನಾ ಅದನ್ನೂ ಬರೀತೇನ್ರಿ ಅಧ್ಯಕ್ಷರ. ಇದರಕಿಂತಾ ದೊಡ್ಡ ಅಕ್ಷರದಾಗ ಬರೀತೇನಿ.”

ಕಟ್ಟೆಯ ಮೇಲೆ ಕುಳಿತವರು ಕಿಸಕ್ಕೆಂದು ನಕ್ಕರು. ಆ ನಗೆ ಗುರುನಾಥನ ಹೊಟ್ಟೆಯಲ್ಲಿ ಉಳಿದುಬಿಟ್ಟಿತು.

ಹದಿನೈದು ದಿನಕ್ಕೆ ಗ್ರಾಮಸಭೆಯ ನೋಟಿಸು ಬಂತು. ವಿಷಯ ಏಳು: ಮಳಲಕೊಪ್ಪ ಗ್ರಂಥಾಲಯವನ್ನು ಮುಚ್ಚಿ ಚಿಕ್ಕಂಕಲಿ ಗ್ರಂಥಾಲಯದಲ್ಲಿ ಸೇರಿಸುವುದು. ಯಶೋಧಾ ಮೂರು ಸಲ ಓದಿದಳು. ಹನ್ನೊಂದು ವರ್ಷದ ಕೆಲಸ. ಮಳೆಗಾಲದಲ್ಲಿ ಸೋರುವ ಮೂಲೆಗೆ ಬಕೆಟ್ಟಿಟ್ಟು, ಪುಸ್ತಕಗಳನ್ನು ಬಿಸಿಲಿಗೆ ಹಾಕಿ ಕಾಪಾಡಿದ್ದಳು. ಹೆಣ್ಣುಮಕ್ಕಳು ಒಳಗೆ ಬಂದು ಕೂರುವಂತೆ ಮಾಡಲಿಕ್ಕೇ ನಾಲ್ಕು ವರ್ಷ ಹಿಡಿದಿತ್ತು. ಆದರೆ ಆಕೆಯ ಮುಖ ಕಪ್ಪಿಟ್ಟದ್ದು ಅದರ ಮೇಲಿನ ತಾರೀಕು ನೋಡಿ. ಸಭೆ ಇಟ್ಟದ್ದು ಮಂಗಳವಾರ, ಅದೂ ಮೂರನೆಯ ವಾರ.

ಗೊತ್ತಿಲ್ಲದವರಿಗೆ ಹೇಳಬೇಕು. ಮಳಲಕೊಪ್ಪದಲ್ಲಿ ಆಷಾಢ ಬಂತೆಂದರೆ ಗ್ರಾಮದೇವಿಯ ಹೆಸರಿನಲ್ಲಿ ಐದು ಮಂಗಳವಾರ ‘ವಾರ ಹಿಡಿಯುತ್ತಾರೆ.’ ಅಂದು ಎತ್ತು ಹೂಡುವಂತಿಲ್ಲ, ಬಲೆ ಬೀಸುವಂತಿಲ್ಲ, ರೊಟ್ಟಿ ಬಡಿಯುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು, ಹೊತ್ತು ಮುಳುಗುವವರೆಗೆ ಊರಿನವರು ಯಾರೂ ಸೀಮೆ ದಾಟುವಂತಿಲ್ಲ. ಆಸ್ಪತ್ರೆಗೆ ಹೋಗುವವರನ್ನು ಬಿಟ್ಟರೆ ನೆಂಟರ ಮದುವೆಯಿದ್ದರೂ ಇಲ್ಲ. ಊರ ಸೀಮೆ ಎಂದರೆ ಕಾಲುವೆಯೆಂದು ಎಲ್ಲರಿಗೂ ಗೊತ್ತು. ಪಂಚಾಯಿತಿ ಕಚೇರಿ ಕಾಲುವೆಯ ಆಚೆ. ಚಿಕ್ಕಂಕಲಿಯಲ್ಲಿ ವಾರ ಹಿಡಿಯುವ ಪದ್ಧತಿಯೇ ಇಲ್ಲ.

ಯಶೋಧಾ ಕಚೇರಿಗೆ ಹೋಗಿ ತಾರೀಕು ಬದಲಿಸಲು ಕೇಳಿದಳು. ಗುರುನಾಥ ಎಲೆಅಡಿಕೆ ಜಗಿಯುತ್ತ ಹೇಳಿದ:

“ಏಳ ದಿನದ ನೋಟಿಸ್ ಕೊಟ್ಟೇವಿ, ಕಾನೂನ ಪ್ರಕಾರ ಎಲ್ಲಾ ಬರೋಬರಿ ಐತಿ. ನಿಮ್ಮ ದೇವರ ವಾರಕ್ಕ ನಾ ಏನ್ ಮಾಡ್ಲಿ? ಬರಾವ್ರು ಬರ್ಲಿ, ಬ್ಯಾಡ ಅಂದಾವ್ರ್ಯಾರು?”

ಬಾಗಿಲ ಬಳಿ ನಿಂತಿದ್ದ ಅವನ ಕಡೆಯವರು ಮೀಸೆಯಲ್ಲೇ ನಕ್ಕರು. ಯಶೋಧಾಳ ಮೈಯೆಲ್ಲ ಉರಿದುಹೋಯಿತು. ಉರಿದರೂ ಏನು ಮಾಡುವುದು? ಅವಳದು ಬುದ್ಧನ ಪಟ ಇಟ್ಟುಕೊಂಡ ಮನೆ, ವಾರದ ಕಟ್ಟು ಅವರಿಗಿಲ್ಲ. ಅವರ ಓಣಿಯವರೆಲ್ಲ ಹೋದರೂ ಮೂವತ್ತು ಕೈ. ಚಿಕ್ಕಂಕಲಿಯಿಂದ ಗುರುನಾಥ ನೂರಿಪ್ಪತ್ತು ಕೈ ಎತ್ತಿಸುತ್ತಾನೆ.

ಮನೆಗೆ ಬಂದವಳೇ ಚೀಲ ಒಗೆದು ಕುಳಿತಳು. ಅಪ್ಪ ಬಾಳು ಅಂಗಳದಲ್ಲಿ ಬಲೆಯ ಹರಿದ ಕಣ್ಣು ಹೆಣೆಯುತ್ತಿದ್ದ. ಎಪ್ಪತ್ತನಾಲ್ಕು ವರ್ಷ. ಒಂದು ಕಾಲಕ್ಕೆ ಊರ ಡಂಗುರ ಸಾರುತ್ತಿದ್ದವನು. ಸಭೆ ಇದ್ದರೆ ಓಣಿ ಓಣಿಗೆ ಹಲಗೆ ಬಾರಿಸಿ ಕೂಗಿ, ಸಭೆ ಶುರುವಾದ ಮೇಲೆ ತಾನು ಹೊರಗೆ ಬಿಸಿಲಲ್ಲಿ ನಿಲ್ಲುತ್ತಿದ್ದವನು. ಇಪ್ಪತ್ತೆರಡು ವರ್ಷದ ಹಿಂದೆ ಒಂದು ದಿನ, ಇನ್ನು ಸಾಕೆಂದು ಹಲಗೆಯನ್ನು ಕೆಳಗಿಟ್ಟವನು ಮತ್ತೆ ಮುಟ್ಟಿರಲಿಲ್ಲ. ಮಗಳು ಬೋರ್ಡು ಬರೆಯುವುದನ್ನು ನೋಡಲು ಮಾತ್ರ ದಿನಾ ಏಳಕ್ಕೆ ಬಂದು, ಎಲ್ಲರ ಹಿಂದೆ ನಿಂತು ಹೋಗುತ್ತಿದ್ದ.

“ಕಾಲವಿ ದಾಟಬಾರದು ಅಂತ ಯಾರ ಹೇಳಿದ್ರು?” ಎಂದ ಬಾಳು, ತಲೆ ಎತ್ತದೆ.

“ಊರೆಲ್ಲಾ ಹೇಳತೈತೆಪ್ಪಾ. ಕಾಲವೀನ ಸೀಮಿ ಅಲ್ಲೇನು?”

ಬಾಳು ಬಲೆ ಬಿಟ್ಟು ಮಗಳ ಮುಖ ನೋಡಿದ. “ಕಾಲವಿ ಬಂದದ್ದು ಡ್ಯಾಮ್ ಕಟ್ಟಿದ ಮ್ಯಾಲ. ಹಳೇ ಊರ ಮುಳಗಿತು, ಮನಿ ಎಬ್ಬಿಸಿಕೊಂಡು ಇಲ್ಲಿ ಬಂದ್ವಿ. ಮನಿ ಸರದಾವ, ಸೀಮಿ ಎಲ್ಲೆ ಸರದೈತಿ? ಇಪ್ಪತ್ತೆಂಟ ವರ್ಷ ನಾ ಹಲಗಿ ಕಟಗೊಂಡು ಮುಂದ ಮುಂದ ನಡದು ಸೀಮಿಗೆ ದೇವಿ ಎಡಿ ಅನ್ನದ ಚರಗ ಚೆಲ್ಲಿಸೇನಿ. ಚಿಕ್ಕಂಕಲಿ ಕಡೆ ಬೇವಿನ ಗಿಡದ ಬುಡಕ ಕಲ್ಲ ಐತಿ, ಅಲ್ಲೀತನಕ. ನಾ ಬಿಟ್ಟ ಮ್ಯಾಲ ಈ ಹುಡುಗೂರು ಮೋಟಾರಸೈಕಲ್ ಮ್ಯಾಲ ಹೋಗತಾವ, ಕಾಲವೀತನಕ ಚೆಲ್ಲತಾವ, ವಾಪಸ್ ಬರತಾವ. ದಾರಿ ಸರಿ ಇಲ್ಲಂತ! ಅದನ್ನ ಸೀಮಿ ಮಾಡಿಕೊಂಡು ಕುಂತಾರ.”

“ಆ ಕಲ್ಲ ಎಲ್ಲಿ ಐತೆಪ್ಪಾ?”

“ಪಂಚಾಯ್ತಿ ಆಫೀಸಿನ ಹಿಂದ. ನಿಮ್ಮ ಅಧ್ಯಕ್ಷ ದಿನಾ ಅದಕ್ಕ ಹಚ್ಚಿ ಜೀಪ್ ನಿಲ್ಲಸ್ತಾನಲ್ಲ, ಅದ.”

ಯಶೋಧಾ ಎದ್ದು ನಿಂತಳು. ನಾಲ್ಕು ವರ್ಷದ ಹಿಂದೆ ಚಿಕ್ಕಂಕಲಿಯೊಳಗೆ ಜಾಗದ ತಕರಾರಾಗಿ, ಗುರುನಾಥ ತಾನೇ ಮುಂದೆ ನಿಂತು ಊರ ಹೊರಗಿನ ಬಯಲಿನಲ್ಲಿ ಹೊಸ ಕಚೇರಿ ಕಟ್ಟಿಸಿದ್ದ. ಪುಣ್ಯಾತ್ಮ ಕಟ್ಟಿಸಿದ್ದು ಮಳಲಕೊಪ್ಪದ ಸೀಮೆಯೊಳಗೆ!

“ಅಪ್ಪಾ, ಇದನ್ನ ಊರ ಮುಂದ ಹೇಳ್ತೀಯೇನು?”

ಬಾಳು ಮತ್ತೆ ಬಲೆ ಎತ್ತಿಕೊಂಡು ಎರಡು ಕಣ್ಣು ಹೆಣೆದ. ಬೇಡವೆನ್ನುತ್ತಾನೆಂದೇ ಅವಳಿಗೆ ಅನ್ನಿಸಿತು. ಆಮೇಲೆ ಹೇಳಿದ: “ಸೀಮಿ ತೋರಸ್ತೇನಿ. ಹಲಗಿ ಮುಟ್ಟಂಗಿಲ್ಲ.”

“ಯಾರು ಮುಟ್ಟು ಅಂದಾರ ನಿನಗ!” ಎಂದು ಅವಳು ಅಪ್ಪನ ಕೈ ಹಿಡಿದುಕೊಂಡಳು.

ಬಾಯಿಮಾತು ಸಾಲದೆಂದು ನೀಲಕಂಠರಾಯರ ಮನೆಗೆ ಹೋದಳು. ಅವರ ಹಿರಿಯರು ಊರ ಕುಲಕರ್ಣಿಕೆ ಮಾಡಿದವರು. ರಾಯರು ಭೂಮಾಪನ ಇಲಾಖೆಯಲ್ಲಿ ದುಡಿದು ನಿವೃತ್ತರಾಗಿ, ಈಗ ದಿನಾ ಗ್ರಂಥಾಲಯದ ಕಿಟಕಿ ಪಕ್ಕದ ಕುರ್ಚಿ ಹಿಡಿಯುವವರು. ಆ ಕುರ್ಚಿಗೇ ಸಂಚಕಾರ ಬಂದಿದೆಯೆಂದು ಕೇಳಿ ಕೆಂಡವಾಗಿದ್ದರು. ಟ್ರಂಕಿನ ತಳದಿಂದ ಹಳೆಯ ಊರಿನ ನಕಾಶೆ ತೆಗೆದು ಹಾಸಿದರು. ಬಟ್ಟೆಗೆ ಅಂಟಿಸಿದ ಕಾಗದ, ಮಡಿಕೆಯಲ್ಲೆಲ್ಲ ಹರಿದದ್ದು. ಬೆರಳಿಟ್ಟು ಗೆರೆ ಹಿಡಿದು ಹೋದರು, ಒಂದು ಕಡೆ ನಿಂತರು.

“ಇಲ್ಲಿ ನೋಡವಾ. ಬೇವಿನ ಮರ, ಸೀಮೆಕಲ್ಲು ಅಂತ ಬರದದ. ನಿಮ್ಮಪ್ಪ ಹೇಳಿದ್ದು ಅಕ್ಷರಶಃ ಖರೆ ಅದ. ನಾ ಮೂವತ್ತು ವರ್ಷ ಸರಪಳಿ ಹಿಡದು ಅಳದಾಂವ, ನನಗ ಹೊಳೀಲಿಲ್ಲ. ನನ್ನ ತಲೀಗಿಷ್ಟು!”

ಭಾನುವಾರ ಸಂಜೆ ಗ್ರಾಮದೇವಿಯ ಗುಡಿಕಟ್ಟೆಯಲ್ಲಿ ಊರು ಕೂಡಿತು. ರಾಯರು ನಕಾಶೆ ಹಾಸಿದರು, ಬಾಳು ಹೇಳಿದ. ಗುಸುಗುಸು ಶುರುವಾಯಿತು. ಕೊನೆಗೆ ಎಲ್ಲರ ಕಣ್ಣೂ ರಾಯವ್ವನ ಮೇಲೆ. ಗುಡಿಯ ಪೂಜೆ ಆಕೆಯದು, ವಾರದ ವಿಷಯದಲ್ಲಿ ಆಕೆ ಇಲ್ಲವೆಂದರೆ ಇಲ್ಲ. ಎಂಬತ್ತು ದಾಟಿದ ಮುದುಕಿ, ನಾಲಗೆ ಇನ್ನೂ ಕುಡುಗೋಲು.

“ಬಾಳಪ್ಪಾ, ನಮ್ಮತ್ತಿ ಕೊನೀ ಸಲ ಚರಗ ಚೆಲ್ಲಿದಾಗ ಮುಂದ ಯಾರಿದ್ರೋ?”

“ನಾನ ಇದ್ದೆವ್ವಾ. ಬೇವಿನ ಗಿಡದ ಕೆಳಗ ಅವ್ವ ದಣದು ಕುಂತಿದ್ಲು, ನೀರ ಕುಡೀತೇನಿ ಅಂದ್ಲು. ನೀ ತಂಬಿಗಿ ತಂದಿದ್ದಿ.”

ರಾಯವ್ವನ ಮುಖ ಅರಳಿತು. “ಹೌದ್ರೆಪಾ, ಖರೇನ! ಬಿಸಲಾಗ ಅಷ್ಟ ದೂರ ನಡಸಿದ್ರು ಅಂತ ನಾ ಬೈಕೋತ ಹೋಗಿದ್ದೆ.” ಕೋಲು ಊರಿ ಎದ್ದಳು. “ತಾಯಿ ಸೀಮಿ ತಾಯಿ ಇಟ್ಟಲ್ಲೇ ಐತಿ. ಮಂಗಳಾರ ಎಲ್ಲಾರೂ ಹೊಂಡರಿ. ನಾನೂ ಬರತೇನಿ. ಯಾವನ ಬ್ಯಾಡ ಅಂತಾನ ನೋಡೂಣು!”

ಈಗ ಗುರುನಾಥ ಮಾಡಿಕೊಂಡ ಎಡವಟ್ಟು ನೋಡಿ. ಬೇರೆ ಯಾವ ದಿನ ಸಭೆ ಇಟ್ಟಿದ್ದರೂ ಅರ್ಧ ಊರು ಹೊಲದಲ್ಲಿ, ಕಾಲು ಊರು ನೀರಿನ ಮೇಲೆ, ಉಳಿದವರು ಸವದತ್ತಿ ಸಂತೆಯಲ್ಲಿ ಇರುತ್ತಿದ್ದರು. ವಾರದ ದಿನ ಯಾರಿಗೂ ಕೆಲಸವಿಲ್ಲ. ಇಡೀ ಊರು ಮಿಂದು, ಮಡಿಯುಟ್ಟು, ಕೈಕಟ್ಟಿ ಖಾಲಿ ಕೂತಿರುತ್ತದೆ.

ಮಂಗಳವಾರ ಹತ್ತಕ್ಕೆ ಊರು ಹೊರಟಿತು. ಮುಂದೆ ಬಾಳು, ಬಿಳಿ ಅಂಗಿ ತೊಟ್ಟು, ಎರಡೂ ಕೈ ಬೀಸಿಕೊಂಡು. ಅವನ ಹಿಂದೆ ನಕಾಶೆ ಸುತ್ತಿ ಹಿಡಿದ ರಾಯರು, ಎತ್ತು ಹೂಡುವಂತಿಲ್ಲವೆಂದು ಮೊಮ್ಮಗನ ಸ್ಕೂಟರಿನ ಮೇಲೆ ಏರಿದ ರಾಯವ್ವ, ಮೀನುಗಾರರು, ಕೂಸು ಕಟ್ಟಿಕೊಂಡ ಹೆಂಗಸರು. ಕಾಲುವೆಯ ಸೇತುವೆ ಬಂದಾಗ ಜನ ಒಂದು ಗಳಿಗೆ ತಡೆದರು. ಯಶೋಧಾ ಅಪ್ಪನ ಬೆನ್ನು ನೋಡಿದಳು. ಇಲ್ಲಿಂದಲೇ ತಿರುಗಿದರೆ ಎಲ್ಲ ಮುಗಿಯಿತು. ಬಾಳು ಮಾತ್ರ ನಿಲ್ಲಲಿಲ್ಲ, ಹಿಂತಿರುಗಿ ನೋಡಲೂ ಇಲ್ಲ. ಅವನು ಅತ್ತ ದಡ ಮುಟ್ಟುವುದರೊಳಗೆ ಇಡೀ ಊರು ಸೇತುವೆಯ ಮೇಲಿತ್ತು.

ಕಚೇರಿಯ ಹಿಂದೆ ಜೀಪು ನಿಂತಿತ್ತು. ನಾಲ್ಕು ಜನ ಸೇರಿ ಅದನ್ನು ಮುಂದಕ್ಕೆ ದಬ್ಬಿದರು. ಬೇವಿನ ಬುಡದಲ್ಲಿ ಕಲ್ಲು ಕಂಡಿತು. ರಾಯವ್ವ ಅದಕ್ಕೆ ಅರಿಸಿನ ಹಚ್ಚಿ, ತಂಬಿಗೆಯ ನೀರು ಸುರಿದು, “ಇದರ ಆಚೆ ಒಬ್ಬರೂ ಕಾಲ ಇಡಬ್ಯಾಡ್ರಿ, ಇದರ ಈಚೆ ಎಲ್ಲಾ ನಮ್ಮದು” ಎಂದು ಸಾರಿದಳು. ಪಂಚಾಯಿತಿ ಕಟ್ಟಡವೂ ಈಚೆಯೇ ಇತ್ತು.

ಹೊರಗೆ ಬಂದ ಗುರುನಾಥನ ಬಾಯಲ್ಲಿನ ಎಲೆಅಡಿಕೆ ಅಲ್ಲೇ ನಿಂತಿತು. “ಇಷ್ಟ ಮಂದಿ ಹಾಲ್‌ನಾಗ ಹಿಡಿಯಂಗಿಲ್ಲ, ಸಭಾ ಮುಂದಕ್ಕ ಹಾಕೂಣು” ಎಂದ. ತಾಲೂಕಿನಿಂದ ಬಂದ ಅಧಿಕಾರಿ ಕನ್ನಡಕ ಸರಿಮಾಡಿಕೊಂಡು, “ಯಾಕ್ರಿ ಅಧ್ಯಕ್ಷರ, ನೆಳ್ಳ ಛಲೋ ಐತಿ, ಇಲ್ಲೇ ಕುಂದರೂಣಲ್ಲ. ನಾ ಇಷ್ಟ ಮಂದಿ ಬಂದ ಗ್ರಾಮಸಭಾ ನೋಡೇ ಇಲ್ಲ” ಎಂದರು. ಕುರ್ಚಿಗಳು ಹೊರಗೆ ಬಂದವು.

ವಿಷಯ ಏಳು ಬಂತು. ಯಶೋಧಾ ಎದ್ದು ಮಾತಾಡಬೇಕೆಂದು ಚೀಟಿ ಬರೆದುಕೊಂಡು ಬಂದಿದ್ದಳು. ಅದನ್ನು ಬಿಚ್ಚುವ ಅಗತ್ಯವೇ ಬೀಳಲಿಲ್ಲ. “ಗ್ರಂಥಾಲಯ ಮಳಲಕೊಪ್ಪದಾಗ ಉಳೀಬೇಕು ಅನ್ನಾವ್ರು ಕೈ ಎತ್ತರಿ” ಎಂದು ಅಧಿಕಾರಿ ಹೇಳಿದ್ದೇ ತಡ, ಬೇವಿನ ನೆರಳು ತುಂಬ ಕೈ. ರಾಯವ್ವ ಎರಡೂ ಕೈ ಎತ್ತಿದ್ದಳು.

“ಅಜ್ಜೀ, ಒಬ್ಬರಿಗೆ ಒಂದ ಕೈರಿ.”

“ಇನ್ನೊಂದು ಮನ್ಯಾಗ ಹಾಸಿಗಿ ಹಿಡದ ನನ್ನ ತಂಗೀದೋ ಯಪ್ಪಾ!”

ತಂಗಿಯದನ್ನು ಬಿಟ್ಟು ಎಣಿಸಿದರು. ಮುನ್ನೂರ ಹನ್ನೆರಡು. ವಿರೋಧವಿದ್ದವರು ಎತ್ತಿ ಎಂದಾಗ ಗುರುನಾಥನ ಜೊತೆ ಎದ್ದದ್ದು ನಲವತ್ತು ಕೈ. ನೂರಿಪ್ಪತ್ತು ಜನ ಬಂದಿದ್ದರಲ್ಲ, ಉಳಿದವರೆಲ್ಲಿ ಎಂದು ಅವನು ಹಿಂತಿರುಗಿ ನೋಡಿದ. ಚಿಕ್ಕಂಕಲಿಯ ಹೆಂಗಸರ ಗುಂಪಿನಲ್ಲಿ ರಾಣಿ ಎಂಬ ಹೊಲಿಗೆಯವಳು ಎದ್ದು ನಿಂತಿದ್ದಳು.

“ನಾವು ವಿರೋಧ ಮಾಡಂಗಿಲ್ರಿ. ನಮ್ಮದೊಂದು ಮಾತ ಬರಕೋರಿ. ನಮ್ಮೂರ ಲೈಬ್ರರಿ ಬಾಗಲಾ ತಗದು ವರ್ಷ ಆತು. ಮಳಲಕೊಪ್ಪದಾಗ ಐತೆಲ್ಲ, ಅಂತಾದ ಬೋರ್ಡ್ ನಮಗೂ ಬೇಕು. ದಿನಾ ಬರಿಯಾಕ ನಾ ಬರತೇನಿ, ಯಶೋಧಾ ಅಕ್ಕಾರು ಕಲಿಸಿಕೊಡ್ಲಿ.”

ಅಬ್ಬಾ, ಆ ಚಪ್ಪಾಳೆ! ಬೇವಿನ ಮೇಲಿನ ಕಾಗೆಗಳೆಲ್ಲ ಹಾರಿದವು. ಅಧಿಕಾರಿ ಠರಾವು ಬರೆಸಿದರು. ಗ್ರಂಥಾಲಯ ಇದ್ದಲ್ಲೇ ಇರುವುದು, ಚಿಕ್ಕಂಕಲಿಯದನ್ನು ತೆರೆಯುವುದು, ಕುಡಿಯುವ ನೀರಿನ ಘಟಕವನ್ನು ಎಂಟು ದಿನದಲ್ಲಿ ರಿಪೇರಿ ಮಾಡಿಸುವುದು. ಗುರುನಾಥ ಸಹಿ ಹಾಕಿದ. ಹಾಕದೆ ಎಲ್ಲಿಗೆ ಹೋಗುತ್ತಾನೆ, ಸುತ್ತ ಊರೇ ನಿಂತಿತ್ತು.

ಯಶೋಧಾ ಅಳುತ್ತಿದ್ದಳು, ಮುಚ್ಚಿಕೊಳ್ಳಲೂ ಇಲ್ಲ. ಅಪ್ಪನನ್ನು ಹುಡುಕಿದಳು. ಬಾಳು ಎಂದಿನಂತೆ ಎಲ್ಲರ ಹಿಂದೆ ಇರಲಿಲ್ಲ. ಸಭೆಯ ಮೊದಲ ಸಾಲಿನಲ್ಲಿ, ರಾಯರ ಪಕ್ಕದ ಕುರ್ಚಿಯಲ್ಲಿ, ಕಾಲಮೇಲೆ ಕಾಲು ಹಾಕಿ ಕುಳಿತು, ಠರಾವನ್ನು ಇನ್ನೊಮ್ಮೆ ಜೋರಾಗಿ ಓದಿರೆಂದು ಅಧಿಕಾರಿಗೆ ಹೇಳುತ್ತಿದ್ದ.

“ನನಗ ಬರೋಬರಿ ಕೇಳಸ್ಲಿಲ್ರಿ ಸಾಹೇಬ್ರ,” ಎಂದ. ಅವನ ಕಿವಿ ಹದ್ದಿನ ಕಣ್ಣಿನಷ್ಟು ಚುರುಕೆಂದು ಊರಿಗೆಲ್ಲ ಗೊತ್ತಿತ್ತು. ಅಧಿಕಾರಿ ಎದ್ದು ನಿಂತು, ಮೊದಲಿನಿಂದ ಓದಿದರು.