ಮೊದಲ ಸಾಲಿನ ಲೈಬ್ರರಿ

ವಿಂಧ್ಯಾ ಬೆಳಗಿನಿಂದ ಮೂರು ಸಲ ಬಿಡಿ ಭಾಗಗಳನ್ನೆಲ್ಲ ಸೇರಿಸಿ ವಿಮೆ ಕಂಪನಿಯ ಪ್ರೋಗ್ರಾಮನ್ನು ಲಿಂಕ್ ಮಾಡಿದ್ದಳು. ಒಂದೂ ದೋಷ ಕಾಣಲಿಲ್ಲ. ಆದರೂ ಸೂರತ್ ಶಾಖೆಯಿಂದ ಶ್ವೇತಾಳ ಫೋನ್ ಮತ್ತೆ ಬಂತು.

"ಏನೇ, ನಿಮ್ಮ ಅಹಮದಾಬಾದಿನ ಆ ದೊಡ್ಡ ಕಂಪ್ಯೂಟರ್, ಮೇನ್‌ಫ್ರೇಮ್‌ಗೆ ಕಿವಿ ಕೇಳ್ಸಲ್ವಾ? ವಯಸ್ಸಾದೋರ ಆಪರೇಷನ್‌ಗೂ ದುಡ್ಡು ಕೊಡ್ಬೇಕು ಅಂತ ಹೊಸ ನಿಯಮ ಬಂದ್ರೂ ಹಳೇದನ್ನೇ ಹಿಡ್ಕೊಂಡು ಕೂತಿದೆ. ಆಪರೇಷನ್‌ಗೆ ಅಂತ ಇಲ್ಲಿ ಒಬ್ರು ಅಜ್ಜಿ ಉಪವಾಸ ಇದಾರೆ ಕಣೇ. ವಿಮೆ ಒಪ್ಪಿಗೆ ಬರ್ದೆ ಆಸ್ಪತ್ರೆಯೋರು ಒಳಗೆ ಕರ್ಕೊಳ್ತಿಲ್ಲ."

"ಸ್ವಲ್ಪ ತಡಿಯೇ," ಎಂದ ವಿಂಧ್ಯಾ ಕೂರಲಾಗದೆ ಕಿಟಕಿಯವರೆಗೆ ಹೋಗಿ ಬಂದಳು. ಹೊಸ ನಿಯಮವನ್ನು ಬರೆದು, ಪ್ರೋಗ್ರಾಮಿನ ಬಿಡಿ ಭಾಗಗಳನ್ನು ಕೂಡಿಡುವ ಆಫೀಸಿನ ಲೈಬ್ರರಿಗೆ ಹಾಕಿದವಳು ತಾನೇ. ಹಾಗಾದರೆ ಹಳೆಯದು ಎಲ್ಲಿಂದ ಬರುತ್ತಿದೆ?

ಆಗ ಹೊಳೆಯಿತು. ಲಿಂಕ್ ಮಾಡುವಾಗ ಯಂತ್ರ ಲೈಬ್ರರಿಗಳನ್ನು ಪಟ್ಟಿಯ ಮೇಲಿನ ಸಾಲಿನಿಂದ ಹುಡುಕುತ್ತದೆ. ಮೊದಲು ಸಿಕ್ಕಿದ್ದನ್ನು ತೆಗೆದುಕೊಂಡರೆ ಮುಂದೆ ನೋಡುವುದಿಲ್ಲ. ಮೊದಲ ಸಾಲಿನಲ್ಲಿದ್ದದ್ದು ಅನಿರುದ್ಧನ ಲೈಬ್ರರಿ; ಅವನು ಬರೆದಿದ್ದ ಹಳೆಯ ನಿಯಮ ಅದರಲ್ಲೇ ಇತ್ತು. ಪಕ್ಕದ ಮೇಜಿನಲ್ಲೇ ಕೂರುತ್ತಿದ್ದ ಗಂಡ ಕಳೆದ ವರ್ಷ ತೀರಿಕೊಂಡಾಗ, ಅದನ್ನು ಅಳಿಸಬೇಡಿ ಎಂದು ಬೇಡಿಕೊಂಡು ಮೇಲಕ್ಕೆ ಸೇರಿಸಿದವಳು ಅವಳೇ. ಅವನು ಬರೆದದ್ದು ಎಲ್ಲಕ್ಕಿಂತ ಮೊದಲು ಓಡಲಿ ಎಂದುಕೊಂಡಿದ್ದಳು.

ಸಾಲನ್ನು ಅಳಿಸಲು ಬೆರಳು ಏಳಲಿಲ್ಲ. ಕೊನೆಗೆ ಅದನ್ನು ಎತ್ತಿ ಎಲ್ಲಕ್ಕಿಂತ ಕೆಳಗಿಟ್ಟಳು. ಬೇರೆಲ್ಲೂ ಸಿಗದಿದ್ದಾಗ ಮಾತ್ರ ಯಂತ್ರ ಅವನಲ್ಲಿಗೆ ಹೋಗಲಿ. ಮತ್ತೆ ಲಿಂಕ್ ಮಾಡಿದಳು.

"ಬಂತು ಕಣೇ, ಒಪ್ಪಿಗೆ ಬಂತು!" ಎಂದು ಶ್ವೇತಾ ಕೂಗಿದಳು. "ಏನಾಗಿತ್ತೇ?"

"ಸಾಲು ಹಿಂದುಮುಂದು ಆಗಿತ್ತು," ಎಂದಳು ವಿಂಧ್ಯಾ. "ಮೊದ್ಲು ಆಸ್ಪತ್ರೆಗೆ ಹೇಳಿ ಅಜ್ಜೀನ ಒಳಗೆ ಕಳ್ಸು."